ಗಂಟು ಹಾಕದ ಲೇಸು: ರೋಡಿಗೆ ಸೈ, ಸರ್ಪದಾರಿ ಇಳಿಯೋಕೆ ಬೇಡ

ಶೂ ಲೇಸಿಗೂ ರಿವ್ಯೂ ಬರೀತಾನಲ್ಲ ಇವ್ನು ಅಂತ ನಗ್ಬೇಡಿ. ಎಂಟು ತಿಂಗಳಿಂದ ಈ ಎಲಾಸ್ಟಿಕ್ ಲೇಸಲ್ಲೇ ಓಡ್ತಾ ಇದೀನಿ, ಎರಡು ಜೊತೆ ತಗೊಂಡೆ, ಒಂದು ಕೈಕೊಡ್ತು ಒಂದು ಇನ್ನೂ ಗಟ್ಟಿಯಾಗಿದೆ, ಮಧ್ಯದಲ್ಲಿ ಒಂದು ಕಾಲುಗುರು ಕಳ್ಕೊಂಡೆ, ಹಂಗಾಗಿ ಹೇಳೋಕೆ ಒಂದಷ್ಟಿದೆ.

ಶುರುವಾಗಿದ್ದು ಮಳೆಗಾಲದಲ್ಲಿ. ಜುಲೈ ತಿಂಗಳಲ್ಲಿ ಬೆಳಗ್ಗೆ ಐದೂವರೆಗೆ ಚಿಕ್ಕಮಗಳೂರು ಹೆಂಗಿರುತ್ತೆ ಗೊತ್ತಲ್ಲ, ಜಡಿಮಳೆ, ಎದುರಿಗೆ ಬರೋ ಬಸ್ಸಿನ ಲೈಟೂ ಮಂಜಲ್ಲಿ ಕಾಣಲ್ಲ. ಕೈಮರದ ಕಡೆ ಓಡ್ತಾ ಇದ್ರೆ ಒದ್ದೆ ಲೇಸು ಎರಡು ಮೂರು ಸಲ ಬಿಚ್ಚೋಗೋದು, ಬಗ್ಗಿ ಕಟ್ಟೋಣ ಅಂದ್ರೆ ಬೆರಳು ಮರಗಟ್ಟಿರೋದು, ಗಂಟು ಹಾಕಿ ಎದ್ದು ನಿಲ್ಲೋಷ್ಟರಲ್ಲಿ ಕಾಲಿಗೆ ಉಂಬಳ ಹತ್ತಿರೋದು. ಡಬಲ್ ಗಂಟು ಹಾಕಿದ್ರೆ ಮನೆಗೆ ಬಂದ್ಮೇಲೆ ಬಿಚ್ಚೋಕಾಗಲ್ಲ, ಹಲ್ಲಲ್ಲಿ ಕಚ್ಚಿ ಬಿಚ್ಬೇಕು ಅಷ್ಟೇ.

ಲೇಸು ಯಾಕೆ ಬಿಚ್ಚೋಗುತ್ತೆ ಅಂತ ಹುಡುಕಿದ್ರೆ ಅಮೆರಿಕದ ಬರ್ಕ್ಲಿ ಯೂನಿವರ್ಸಿಟಿಯವರು 2017ರಲ್ಲಿ ಇದ್ರ ಮೇಲೇ ಒಂದು ಸಂಶೋಧನೆ ಮಾಡಿದಾರೆ ಮಾರಾಯ್ರೆ! ಓಡುವಾಗ ಕಾಲು ನೆಲಕ್ಕೆ ಬಡಿಯೋ ಏಟು ಗುರುತ್ವದ 7 ಪಟ್ಟು ಇರುತ್ತಂತೆ, ಆ ಏಟಿಗೆ ಗಂಟು ಸಡಿಲ ಆಗುತ್ತೆ, ಆಮೇಲೆ ಕಾಲು ಬೀಸಿದಾಗ ಲೇಸಿನ ತುದಿ ಚಾಟಿ ತರ ಬೀಸಿ ಎಳೆಯುತ್ತೆ, ಎರಡೂ ಸೇರಿದ್ರೆ ಕಣ್ಮುಚ್ಚಿ ಬಿಡೋದ್ರೊಳಗೆ ಬಿಚ್ಚೋಗುತ್ತೆ. ಜೊತೆಗೆ ಇನ್ನೊಂದು ವಿಷಯನೂ ಗೊತ್ತಾಯ್ತು. ಮೊದಲನೇ ಸುತ್ತು ಒಂದು ದಿಕ್ಕಿಗಾದ್ರೆ ಎರಡನೇದು ಎದುರು ದಿಕ್ಕಿಗೆ ಬರ್ಬೇಕು, ಎರಡೂ ಒಂದೇ ದಿಕ್ಕಿಗೆ ಹಾಕಿದ್ರೆ ಬೋ, ಅಂದ್ರೆ ಗಂಟಿನ ಎರಡು ಕುಣಿಕೆ, ಅಡ್ಡಕ್ಕೆ ನಿಲ್ಲೋ ಬದಲು ಉದ್ದಕ್ಕೆ ತಿರುಗಿ ನಿಲ್ಲುತ್ತೆ, ಅದು ಬೇಗ ಬಿಚ್ಚೋ ಗಂಟು. ಬಗ್ಗಿ ನನ್ನ ಶೂ ನೋಡ್ಕೊಂಡೆ. ಉದ್ದಕ್ಕೇ ನಿಂತಿತ್ತು. ಒಂದನೇ ಕ್ಲಾಸಿಂದ ಇದೇ ಗಂಟು! ಅಂದ್ರೆ ಅರ್ಧ ತಪ್ಪು ನಂದೇ, ಆದ್ರೆ ಅಷ್ಟೊತ್ತಿಗೆ ಆರ್ಡರ್ ಮಾಡಾಗಿತ್ತು.

ವಸ್ತು ಸರಳ. ರಬ್ಬರ್ ಎಳೆಗಳ ಮೇಲೆ ನೂಲು ಹೆಣೆದಿರೋ ದುಂಡನೆ ದಾರ, ಸ್ಪ್ರಿಂಗ್ ಇರೋ ಒಂದು ಲಾಕು, ತುದಿಗೆ ಒಂದು ಕ್ಲಿಪ್ಪು. ಮಾಮೂಲಿ ಲೇಸಿನ ತರಾನೇ ತೂತಲ್ಲಿ ಪೋಣಿಸಿ, ಎರಡೂ ತುದಿ ಲಾಕಿಗೆ ತೂರಿಸಿ, ಒತ್ತಿ ಎಳೆದು ಬಿಟ್ರೆ ಮುಗೀತು. ಮೊದಲು ತಗೊಂಡಿದ್ದು 120 ರೂಪಾಯಿದು, ಬ್ರ್ಯಾಂಡ್ ಹೆಸರು ಬೇಡ, ಬಿಡಿ. ಮೂರನೇ ವಾರಕ್ಕೆ ಲಾಕ್ ಜಾರೋಕೆ ಶುರು, ಎಸ್ಟೇಟ್ ದಾರಿಯ ಕೆಂಪು ಮಣ್ಣು ಒಳಗಿನ ಹಲ್ಲಿಗೆ ಮೆತ್ಕೊಂಡು ಬಟನ್ ಒತ್ತಿದ್ರೆ ವಾಪಸ್ ಬರ್ತಾನೇ ಇರ್ಲಿಲ್ಲ. ಎರಡನೇದು 450 ಕೊಟ್ಟು ತಗೊಂಡೆ, ಅದಕ್ಕೂ ಮಣ್ಣು ಮೆತ್ತುತ್ತೆ ಆದ್ರೆ ನಲ್ಲಿ ಕೆಳಗೆ ಹಿಡಿದು ನಾಲ್ಕು ಸಲ ಬಟನ್ ಒತ್ತಿದ್ರೆ ಸರಿಹೋಗುತ್ತೆ.

ಒಂದು ಮಾತು ನೆನಪಿಟ್ಕೊಳ್ಳಿ, ತಂದ ದಿನವೇ ಕತ್ತರಿ ಹಿಡೀಬೇಡಿ. ನಾನು ಮೊದಲ ಜೊತೆನ ಸೋಫಾ ಮೇಲೆ ಕೂತು ಅಳತೆ ನೋಡಿ ಕತ್ತರಿಸಿದೆ, ಹತ್ತು ಕಿಲೋಮೀಟರ್ ಓಡೋ ಹೊತ್ತಿಗೆ ಪಾದ ಊದಿ ಬಿಗಿಯಾಯ್ತು, ಸಡಿಲ ಮಾಡೋಣ ಅಂದ್ರೆ ದಾರನೇ ಇಲ್ಲ. ಉದ್ದ ಹಂಗೇ ಬಿಟ್ಟು, ತುದಿನ ಲೇಸೊಳಗೆ ಸಿಕ್ಕಿಸಿ, ಒಂದು ವಾರ ಓಡಿ, ಲಾಕಿಂದ ಮೇಲೆ ಎರಡು ಮೂರು ಇಂಚು ಇರೋ ಹಂಗೆ ಕತ್ತರಿಸಿ. ತುದಿಗೆ ಬೆಂಕಿಕಡ್ಡಿ ತೋರಿಸಿದ್ರೆ ನೂಲು ಬಿಡಲ್ಲ.

ಈಗ ಟ್ರೈಯಥ್ಲಾನ್ ವಿಷಯ. ಹೊರಗಡೆ ಊರಲ್ಲಿ ಒಂದು ಸ್ಪ್ರಿಂಟ್, ಅಂದ್ರೆ ಕಡಿಮೆ ದೂರದ ಟ್ರೈಯಥ್ಲಾನ್ ಮಾಡಿದೆ, 750 ಮೀಟರ್ ಈಜು, 20 ಕಿಲೋಮೀಟರ್ ಸೈಕಲ್, 5 ಕಿಲೋಮೀಟರ್ ಓಟ. ಗೊತ್ತಿಲ್ದೋರಿಗೆ ಹೇಳೋದಾದ್ರೆ ಇದ್ರಲ್ಲಿ ಬಟ್ಟೆ ಶೂ ಬದಲಾಯಿಸೋ ಹೊತ್ತಿಗೆ ಗಡಿಯಾರ ನಿಲ್ಲಲ್ಲ, ಆ ಟೈಮೂ ಲೆಕ್ಕಕ್ಕೆ ಸೇರುತ್ತೆ. ಪೆಡಲಿಗೆ ಕಚ್ಚೋ ಕ್ಲೀಟ್ ಶೂ ನನ್ನತ್ರ ಇಲ್ಲ, ರನ್ನಿಂಗ್ ಶೂ ಹಾಕ್ಕೊಂಡೇ ಸೈಕಲ್ ತುಳಿಯೋದು, ಅಂದ್ರೆ ನೀರಿಂದ ಎದ್ದು ಬಂದು ಒದ್ದೆ ಕಾಲಿಗೆ ಒಂದೇ ಸಲ ಶೂ ಏರಿಸಿದ್ರೆ ಕೊನೇವರೆಗೂ ಅದೇ. ಮನೆ ಅಂಗಳದಲ್ಲಿ ಬಕೆಟ್ಟಿಗೆ ಕಾಲಿಟ್ಟು ತೆಗೆದು ಪ್ರಾಕ್ಟೀಸ್ ಮಾಡ್ದೆ, ಮಾಮೂಲಿ ಲೇಸಲ್ಲಿ ಎರಡೂ ಶೂ ಸೇರಿ 45 ಸೆಕೆಂಡು, ಇದ್ರಲ್ಲಿ 15. ಪಕ್ಕದ್ಮನೆ ಅಂಕಲ್ ಕಾಂಪೌಂಡ್ ಮೇಲಿಂದ ಬಗ್ಗಿ ನೋಡಿ "ಏನಪ್ಪಾ, ಹೊರಡ್ತೀಯೋ ಇಲ್ವೋ" ಅಂದ್ರು. ಶೂ ಒಳಗೆ ಸ್ವಲ್ಪ ಪೌಡರ್ ಉದುರಿಸಿ, ಹಿಮ್ಮಡಿ ಹಿಂದಿನ ಪಟ್ಟಿ ಹಿಡಿದು ಎಳೀರಿ, ಲೇಸಿನ ಕೆಳಗಿರೋ ಶೂ ನಾಲಿಗೆ ಒಳಗೆ ಮಡಚ್ಕೊಳ್ಳುತ್ತೆ ಅದೊಂದು ನೋಡ್ಕೊಳ್ಳಿ. ರೇಸ್ ದಿನ ನಾನು ಅದನ್ನೇ ಮರೆತು ಐದು ಕಿಲೋಮೀಟರ್ ಪೂರ್ತಿ ಪಾದದ ಮೇಲೆ ಉಂಡೆ ಇಟ್ಕೊಂಡು ಓಡಿದೆ. ಹತ್ತೊಂಬತ್ತನೇ ಸ್ಥಾನ ಬರೋನಿಗೆ ಮೂವತ್ತು ಸೆಕೆಂಡು ಉಳಿದ್ರೆಷ್ಟು ಬಿಟ್ರೆಷ್ಟು ಅನ್ನಿ, ಆದ್ರೆ ಕೈ ನಡುಗೋವಾಗ ಗಂಟಿನ ಜೊತೆ ಗುದ್ದಾಡೋದು ತಪ್ಪಿದ್ದು ದೊಡ್ಡ ನೆಮ್ಮದಿ.

ಉಗುರಿನ ಕತೆ ಮುಳ್ಳಯ್ಯನಗಿರಿದು. 1,930 ಮೀಟರ್ ಬೆಟ್ಟ, ಸರ್ಪದಾರಿ ಅನ್ನೋ ಕಾಲುದಾರಿಲಿ ಹತ್ತೋವಾಗ ಈ ಲೇಸು ಆಹಾ ಅನ್ನೋ ಹಂಗಿತ್ತು, ಪಾದದ ಮೇಲೆ ಒತ್ತಡವೇ ಇಲ್ಲ. ಇಳಿಯೋವಾಗ ಬುದ್ಧಿ ಬಂತು. ಒಂದೊಂದು ಹೆಜ್ಜೆಗೂ ದಾರ ಹಿಗ್ಗಿ ಪಾದ ಮುಂದಕ್ಕೆ ಜಾರಿ ಹೆಬ್ಬೆರಳು ಶೂ ತುದಿಗೆ ಬಡೀತಿತ್ತು, ಬಿಗಿ ಮಾಡಿದ್ರೆ ಹತ್ತು ನಿಮಿಷ ಪರವಾಗಿಲ್ಲ, ಆಮೇಲೆ ಅದೇ ರಾಗ. ಮಾಮೂಲಿ ಲೇಸಲ್ಲಿ ಮೇಲಿನ ಎಕ್ಸ್ಟ್ರಾ ತೂತಿಗೆ ಕುಣಿಕೆ ಹಾಕಿ ಹಿಮ್ಮಡಿ ಕಚ್ಚೋ ಹಂಗೆ ಕಟ್ತೀವಲ್ಲ, ಅದನ್ನ ಇದ್ರಲ್ಲಿ ಮಾಡಿದ್ರೂ ನಿಲ್ಲಲ್ಲ, ಹಿಗ್ಗೋದೇ ಅದ್ರ ಗುಣ. ವಾರಕ್ಕೆ ಉಗುರು ಕಪ್ಪಾಯ್ತು, ತಿಂಗಳಿಗೆ ಕೈಗೇ ಬಂತು. ಇಲ್ಲಿನ ಕಾಫಿ ತೋಟ, ಗುಡ್ಡದ ಟ್ರೇಲ್ ಓಡೋರು ಇದನ್ನ ಆ ಶೂಗೆ ಹಾಕ್ಲೇಬೇಡಿ. ಟ್ರೇಲ್ ಶೂಗೆ ಅದರದ್ದೇ ಲೇಸು ಇರ್ಲಿ, ಗಂಟನ್ನ ಸರಿ ದಿಕ್ಕಲ್ಲಿ ಹಾಕಿ.

ರೋಡ್ ಶೂಲಿ ಮಾತ್ರ ಇವತ್ತಿಗೂ ಇದೇ ಇದೆ. ಶುರುವಲ್ಲಿದ್ದಷ್ಟು ಬಿಗಿ ಈಗಿಲ್ಲ, ಅರ್ಧ ಇಂಚು ಜಾಸ್ತಿ ಎಳ್ಕೋಬೇಕು, ರಬ್ಬರ್ ಅಲ್ವಾ, ಅದಕ್ಕೇ ಶೂ ಬಿಸಿಲಲ್ಲಿ ಒಣಗಿಸೋದು ಬಿಟ್ಟು ಒಳಗೆ ಪೇಪರ್ ತುರುಕಿ ಇಡ್ತೀನಿ. ಬಿಚ್ಚಿಟ್ಟಿದ್ದ ಹಳೇ ಲೇಸು ಎರಡನ್ನೂ ಅಮ್ಮ ಹಿತ್ತಲ ಮೆಣಸಿನ ಬಳ್ಳಿನ ಮರಕ್ಕೆ ಕಟ್ಟೋಕೆ ತಗೊಂಡ್ರು. ಅಮ್ಮ ಹಾಕಿದ ಗಂಟು ಇಷ್ಟು ಮಳೆ ಹೊಡೆದ್ರೂ ಇನ್ನೂ ಬಿಚ್ಚಿಲ್ಲ.