ಕೆಂಪು ಕಂಡ ತಂತಿಯೆಲ್ಲ ತಾಮ್ರವಲ್ಲ: ಮೋಟಾರು ರಿವೈಂಡಿಂಗ್‌ಗೆ ಕೊಡುವವರ ಗಮನಕ್ಕೆ

ಶಿರಸಿ ಸೀಮೆಯ ತೋಟಿಗರು ಬೇಸಿಗೆಗೆ ಮುಂಚೆ ಇದನ್ನೊಮ್ಮೆ ಓದಿ. ಸುಟ್ಟುಹೋದ ನಮ್ಮ ಪಂಪಿನ ಮೋಟಾರನ್ನು, ಒಳಗಿನ ತಂತಿಸುರುಳಿ ಹೊಸದಾಗಿ ಸುತ್ತಿಸಲೆಂದು, ರಿವೈಂಡಿಂಗ್‌ಗೆ ಕೊಟ್ಟಾಗ ಅಂಗಡಿಯವರು ಅಪ್ಪಟ ತಾಮ್ರವೆಂದು ಹೇಳಿ ತಾಮ್ರದ ದರವನ್ನೇ ಪಡೆದರು. ಬಿಲ್ಲಿನಲ್ಲಿ ಮಾತ್ರ ‘ವೈಂಡಿಂಗ್ ಚಾರ್ಜು’ ಎಂದಷ್ಟೇ ಇತ್ತು. ಅಡಿಕೆ ಮರಗಳಿಗೆ ನೀರು ಬೇಕೇಬೇಕಾದ ಏಪ್ರಿಲ್‌ನಲ್ಲಿ ಅದೇ ಮೋಟಾರು ಮತ್ತೆ ಹೊಗೆಯಾಡಿತು.

ಬೇರೊಬ್ಬ ಮೆಕ್ಯಾನಿಕ್ ಬಳಿ ಒಯ್ದೆವು. ಅವರು ಸುರುಳಿಯಿಂದ ಒಂದೆಳೆ ಕತ್ತರಿಸಿ ಬ್ಲೇಡಿನಿಂದ ಕೆರೆದರು. ಕೆಂಪು ಬಣ್ಣ ಪುಡಿಪುಡಿಯಾಗಿ ಉದುರಿತು. ಒಳಗೆ ಬೆಳ್ಳಗೆ ಹೊಳೆಯುವ ಅಲ್ಯೂಮಿನಿಯಂ! ನಾವು ತಾಮ್ರವೆಂದು ನಂಬಿದ್ದು ಎನಾಮಲ್ ಲೇಪದ (ಕರೆಂಟ್ ಹೊರಹರಿಯದಂತೆ ತಂತಿಗೆ ಹಚ್ಚುವ ತೆಳು ಹೊದಿಕೆಯ) ಬಣ್ಣವನ್ನು.

ಅಲ್ಯೂಮಿನಿಯಂ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಅದಕ್ಕೆಂದೇ ವಿನ್ಯಾಸ ಮಾಡಿದ ಮೋಟಾರುಗಳಿವೆ. ಆದರೆ ಕರೆಂಟಿನ ಹರಿವಿಗೆ ಅದು ಒಡ್ಡುವ ರೋಧ ತಾಮ್ರದ ಸುಮಾರು 1.6 ಪಟ್ಟು. ತಾಮ್ರಕ್ಕೆಂದು ಮಾಡಿದ ಸ್ಲಾಟಿಗೆ (ಸುರುಳಿ ಕೂರುವ ಸೀಳಿಗೆ) ಅಷ್ಟೇ ದಪ್ಪದ ಅಲ್ಯೂಮಿನಿಯಂ ತುಂಬಿದರೆ ಮೋಟಾರು ಕಾಯದೆ ಇನ್ನೇನಾದೀತು? ವೋಲ್ಟೇಜ್ ಇಳಿದಾಗಲಂತೂ ಪಂಪು ಎಳೆಯುವ ಕರೆಂಟ್ ಇನ್ನೂ ಏರುತ್ತದೆ. ರೈತನಿಗೆ ಗೊತ್ತಾಗುವುದಿಲ್ಲವೆಂದು ಹೀಗೆ ಮಾಡುವುದು ನನ್ನ ಮಟ್ಟಿಗೆ ಶುದ್ಧ ಮೋಸ.

ತಾಮ್ರವೇ ಆಗಿದ್ದರೂ ಗೇಜ್, ಅಂದರೆ ತಂತಿಯ ದಪ್ಪ ಸೂಚಿಸುವ ಸಂಖ್ಯೆ, ನೋಡಿ. ಸಂಖ್ಯೆ ಹೆಚ್ಚಿದಷ್ಟೂ ತಂತಿ ತೆಳು: 22 ಗೇಜ್ ಎಂದರೆ 0.711 ಮಿ.ಮೀ., 23 ಎಂದರೆ 0.610. ಕಣ್ಣಳತೆಗೆ ಸಿಗದ ಈ ಒಂದೇ ಗೇಜಿನಲ್ಲಿ ಕಾಲುಭಾಗಕ್ಕಿಂತ ಹೆಚ್ಚು ಲೋಹ ಹೋಗಿರುತ್ತದೆ. ಇವು ಲೇಪವಿಲ್ಲದ ತಂತಿಯ ಅಳತೆಗಳು. ಎನಾಮಲ್ ಸಹಿತ ಮೈಕ್ರೊಮೀಟರ್ ಹಿಡಿದು ತೋರಿಸಿದರೆ ಒಪ್ಪಬೇಡಿ, ತುದಿ ಕೆರೆಸಿ ಅಳೆಸಿ. ಹೋಲಿಸಲು ಕಂಪನಿಯ ಮೂಲ ವೈಂಡಿಂಗಿನ ಒಂದು ತುಂಡನ್ನು ಕೇಳಿ ಇಟ್ಟುಕೊಳ್ಳಿ.

ಲೇಪಕ್ಕೂ ದರ್ಜೆಯಿದೆ. ಕ್ಲಾಸ್ ಬಿ ತಡೆಯುವುದು 130 ಡಿಗ್ರಿ ಸೆಲ್ಸಿಯಸ್, ಎಫ್ 155, ಎಚ್ 180. ತಂತಿಯ ರೀಲಿನ ಲೇಬಲ್ ತೋರಿಸಿ ಎಂದು ಕೇಳಲು ಸಂಕೋಚ ಬೇಡ. ಕಾರವಾರ, ಅಂಕೋಲಾ, ಕುಮಟಾ ಕಡೆಯವರು ವಾರ್ನಿಷ್ ವಿಷಯದಲ್ಲಿ ಇನ್ನಷ್ಟು ಬಿಗಿಯಾಗಿರಬೇಕು. ಸುರುಳಿಗೆ ವಾರ್ನಿಷ್ ಚೆನ್ನಾಗಿ ಕುಡಿಸಿ, ಕಾಯಿಸಿ ಒಣಗಿಸದಿದ್ದರೆ ಉಪ್ಪುಗಾಳಿಯ ತೇವ ಲೇಪದ ಸಣ್ಣ ಬಿರುಕುಗಳಲ್ಲಿ ಇಳಿಯುತ್ತದೆ.

ಲೋಹ, ಗೇಜ್, ಕ್ಲಾಸ್ ಮೂರನ್ನೂ ಬಿಲ್ಲಿನಲ್ಲಿ ಬರೆಸಿಕೊಂಡ ಮೇಲೆಯೇ ಮುಂಗಡ ಕೊಡಿ. ಎರಡನೆಯ ಮೆಕ್ಯಾನಿಕ್ ನಾವು ಕೇಳುವ ಮೊದಲೇ ಬರೆದುಕೊಟ್ಟರು.