ಕನ್ನಡ ಕ್ಯಾರೋಲ್ ಬರೆಯಲು ಮ್ಯೂಸ್‌ಸ್ಕೋರ್: ಹಲವು ಡಿಸೆಂಬರ್‌ಗಳ ನಂತರ

ಮೊದಲು ಖರ್ಚಿನ ಮಾತು ಮುಗಿಸೋಣ. ಮ್ಯೂಸ್‌ಸ್ಕೋರ್‌ಗೆ ಒಂದು ಪೈಸೆಯೂ ಕೊಡಬೇಕಿಲ್ಲ. ವರ್ನರ್ ಶ್ವೇರ್ ಅನ್ನುವವರು 2002ರಲ್ಲಿ ಶುರು ಮಾಡಿದ ಮುಕ್ತ ತಂತ್ರಾಂಶ ಇದು. ನಾಲ್ಕನೇ ಆವೃತ್ತಿ 2022ರ ಡಿಸೆಂಬರ್‌ನಲ್ಲಿ ಬಂತು. 2024ರಿಂದ ಪೂರ್ತಿ ಹೆಸರು ಮ್ಯೂಸ್‌ಸ್ಕೋರ್ ಸ್ಟುಡಿಯೋ. ಐದು ಗೆರೆಯ ಸ್ಟಾಫ್ ನೊಟೇಶನ್‌ನಲ್ಲಿ ಹಾಡು ಬರೆಯಬಹುದು, ಬರೆದದ್ದನ್ನು ಅಲ್ಲೇ ನುಡಿಸಿ ಕೇಳಬಹುದು. ಇಳಿಸಿಕೊಳ್ಳುವಾಗ ಮಾತ್ರ ಡಾಟ್ ಆರ್ಗ್ ವಿಳಾಸಕ್ಕೇ ಹೋಗಿ. ಅದೇ ಹೆಸರಿನ ಡಾಟ್ ಕಾಮ್ ಬೇರೆ. ಅದು ಜನ ಬರೆದ ಸ್ಕೋರ್‌ಗಳ, ಅಂದರೆ ನೊಟೇಶನ್ ಪುಟಗಳ ಭಂಡಾರ, ಅಲ್ಲಿ ಹೆಚ್ಚಿನವನ್ನು ಇಳಿಸಿಕೊಳ್ಳಲು ಚಂದಾ ಕಟ್ಟಬೇಕು.

ನಾವು ಇದನ್ನು ಬಳಸುವುದು ಒಂದೇ ಕೆಲಸಕ್ಕೆ: ಕ್ರಿಸ್‌ಮಸ್‌ಗೆ ಕನ್ನಡದಲ್ಲಿ ಹೊಸ ಕ್ಯಾರೋಲ್ ಕಟ್ಟುವುದಕ್ಕೆ. ನಾವು ಅಂದರೆ ಮಂಗಳೂರಿನ ನಾನು, ಧಾರವಾಡದ ಒಬ್ಬ ಮೇಷ್ಟ್ರು, ಉಡುಪಿಯಲ್ಲಿ ನರ್ಸ್ ಆಗಿರುವ ಒಬ್ಬ ಅಕ್ಕ, ದುಬೈನಲ್ಲಿರುವ ಒಬ್ಬ ಗೆಳೆಯ. ಎಲ್ಲರೂ ಅವರವರ ಚರ್ಚಿನ ಕ್ವಾಯರ್‌ನಲ್ಲಿ (ಗಾಯನವೃಂದದಲ್ಲಿ) ಹಾಡುವವರು, ಯಾರೂ ಸಂಗೀತ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲ. ಸ್ವಿಟ್ಜರ್ಲೆಂಡಿನ ಕ್ರೈಸ್ತ ಮಿಶನರಿ ಸಂಸ್ಥೆಯಾದ ಬಾಸೆಲ್ ಮಿಶನ್‌ನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಅವರ ಕಾಲದಿಂದ ಬಂದ ಹಾಡುಗಳೇ ನಮ್ಮಲ್ಲಿ ಬೇಕಾದಷ್ಟಿವೆ. ಆದರೂ ಸೆಪ್ಟೆಂಬರ್ ಬಂತೆಂದರೆ ಹೊಸದೇನಾದರೂ ಬರೆಯೋಣ ಅನ್ನುವ ತುರಿಕೆ ಶುರುವಾಗುತ್ತದೆ.

ಈ ತಂತ್ರಾಂಶದಲ್ಲಿ ನನಗೆ ತುಂಬಾ ಇಷ್ಟವಾದ ಗುಣ ಒಂದಿದೆ. ಒಂದು ದನಿಗೆ ಎಟುಕದ ಸ್ವರ ಬರೆದರೆ ಅದರ ಬಣ್ಣ ಬದಲಾಗುತ್ತದೆ. ಹವ್ಯಾಸಿಗಳಿಗೆ ಕಷ್ಟ ಅನ್ನಿಸಿದರೆ ಮಂಕು ಹಳದಿ, ವೃತ್ತಿಯವರಿಗೂ ಆಗದು ಅನ್ನಿಸಿದರೆ ಕೆಂಪು. ನಮ್ಮಂಥವರಿಗೆ ಅಂತಲೇ ಒಂದು ಬಣ್ಣ ಇಟ್ಟಿದ್ದಾರಲ್ಲ, ಅದಕ್ಕೇ ಖುಷಿ. ನಮ್ಮ ಟೆನರ್‌ಗಳು, ಅಂದರೆ ಗಂಡಸರ ಮೇಲುದನಿಯವರು, ಹಳದಿ ಕಂಡರೂ ಗೊಣಗುತ್ತಾರೆ.

ಕನ್ನಡ ಸಾಹಿತ್ಯ ಕೂರಿಸುವುದು ಸುಲಭ, ಆದರೆ ಮೊದಲ ದಿನ ಸ್ವಲ್ಪ ಹೊಂದಿಸಿಕೊಳ್ಳಬೇಕು. ಸ್ವರ ಆರಿಸಿ ಕಂಟ್ರೋಲ್ ಎಲ್ ಒತ್ತಿ. ಪದ ಮುಗಿದರೆ ಸ್ಪೇಸ್, ಪದದ ಮಧ್ಯೆಯಾದರೆ ಹೈಫನ್, ಅಕ್ಷರ ಎಳೆಯಬೇಕಾದರೆ ಅಂಡರ್‌ಸ್ಕೋರ್. ‘ನಕ್ಷತ್ರ’ವನ್ನು ನಾವು ನ-ಕ್ಷ-ತ್ರ ಅಂತಲೇ ಒಡೆಯುತ್ತೇವೆ, ಒತ್ತಕ್ಷರ ಬಿಡಿಸಲು ಹೋಗುವುದಿಲ್ಲ. ಜೊತೆಗೆ ಬರುವ ಎಡ್ವಿನ್ ಫಾಂಟ್‌ನಲ್ಲಿ ಕನ್ನಡ ಇಲ್ಲ. ಹಾಗಾಗಿ ಸ್ಟೈಲ್‌ನಲ್ಲಿ ನೋಟೋ ಸೆರಿಫ್ ಕನ್ನಡ ಹಾಕಿಕೊಳ್ಳಿ. ಅಲ್ಲಿ ಬೆಸ ಸಾಲಿಗೆ ಒಂದು, ಸಮ ಸಾಲಿಗೆ ಒಂದು ಅಂತ ಎರಡು ಕಡೆ ಬದಲಿಸಬೇಕು. ಇಲ್ಲದಿದ್ದರೆ ಎರಡನೇ ಚರಣ ಬೇರೆ ಫಾಂಟ್‌ನಲ್ಲಿ ಬರುತ್ತದೆ. ಸಾಲಿನ ಎತ್ತರವನ್ನೂ ಸ್ವಲ್ಪ ಜಾಸ್ತಿ ಮಾಡಿ, ಒತ್ತುಗಳು ಕೆಳಗಿನ ಚರಣಕ್ಕೆ ತಾಗುತ್ತವೆ. ‘ನುಡಿ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೇ ಆಸ್ಕಿ ಫಾಂಟ್‌ನಲ್ಲಿ ಟೈಪ್ ಮಾಡಿಟ್ಟ ಸಾಹಿತ್ಯವಿದ್ದರೆ ಯೂನಿಕೋಡ್‌ಗೆ ಬದಲಿಸಿಯೇ ತನ್ನಿ.

ಇನ್ನು ಧ್ವನಿ. ನಾಲ್ಕನೇ ಆವೃತ್ತಿಯ ಜೊತೆ ಮ್ಯೂಸ್ ಸೌಂಡ್ಸ್ ಅಂತ ಉಚಿತ ಧ್ವನಿಗಳನ್ನು ಹಾಕಿಕೊಳ್ಳಬಹುದು. ಕ್ವಾಯರ್ ಧ್ವನಿ ಕೇಳಿದರೆ ಮೈ ಜುಮ್ ಅನ್ನುತ್ತದೆ. ಯಾವುದೋ ದೊಡ್ಡ ಕಥೀಡ್ರಲ್‌ನಲ್ಲಿ ಹಾಡುತ್ತಿರುವಂತಿರುತ್ತದೆ. ನನ್ನ ತಕರಾರು ಇರುವುದೂ ಅಲ್ಲೇ. ಅದು ಎಷ್ಟು ಚೆನ್ನಾಗಿ ಹಾಡುತ್ತದೆಂದರೆ, ಕೆಟ್ಟ ಹಾಡೂ ಚೆನ್ನಾಗಿ ಕೇಳುತ್ತದೆ. ಅದಕ್ಕೆ ಉಸಿರು ಬೇಕಿಲ್ಲ, ಮಾತು ಬರುವುದಿಲ್ಲ, ಬರೀ ‘ಆ’ ಅನ್ನುತ್ತದೆ.

ಒಂದು ಉದಾಹರಣೆ ಹೇಳುತ್ತೇನೆ. ದುಬೈ ಗೆಳೆಯ ಒಂದು ಜೋಗುಳದ ಕ್ಯಾರೋಲ್‌ನ ಎಂಪಿತ್ರೀ ಕಳಿಸಿದ. ಎಲ್ಲರೂ ಕೇಳಿ ಹಾರ್ಟ್ ಇಮೋಜಿ ಹಾಕಿದೆವು. ಆಮೇಲೆ ಧಾರವಾಡದ ಮೇಷ್ಟ್ರು ಪಿಡಿಎಫ್ ತೆಗೆದು ಸಾಹಿತ್ಯದ ಜೊತೆ ಹಾಡಿ ನೋಡಿದರು. ‘ಮಗು’ವಿನ ‘ಮ’ ಮೇಲೆ ಮೂರು ಎಣಿಕೆಯ ಉದ್ದ ಸ್ವರ ಕೂತಿತ್ತು. ಹಾಡಿದರೆ ‘ಮಾಗು’ ಅಂತ ಕೇಳುತ್ತದೆ. ವಾಯ್ಸ್ ಮೆಸೇಜ್ ಬಂತು: “ತಮ್ಮಾ, ನಿನ್ನ ಹಾಡಿನಾಗ ಮಗು ಮಾವಿನಹಣ್ಣಿನಂಗ ಮಾಗೇಬಿಟ್ಟೈತಲ್ಲೋ!” ಪರಿಹಾರವನ್ನೂ ಅವರೇ ಹೇಳಿದರು. ‘ಮ’ವನ್ನು ಹಿಂದಿನ ಬಾರಿನ (ತಾಳದ ಒಂದು ಸುತ್ತಿನ ಭಾಗ) ಕೊನೆಗೆ ಚಿಕ್ಕ ಸ್ವರವಾಗಿ ಎಳೆದುಕೋ, ಉದ್ದ ಸ್ವರವನ್ನು ‘ಗು’ಗೆ ಕೊಡು. ಪದದ ಕೊನೆಯ ಅಕ್ಷರ ಎಳೆದರೆ ಕಿವಿಗೆ ಅಷ್ಟು ಹೊಡೆಯುವುದಿಲ್ಲ. ಲಘು ಗುರು ತಪ್ಪಿದರೆ ಕಂಪ್ಯೂಟರ್‌ಗೆ ತಿಳಿಯುವುದಿಲ್ಲ, ಗಂಟಲಿಗೆ ತಿಳಿಯುತ್ತದೆ.

ಅಲ್ಲಿಂದ ನಾವು ಕ್ರಮ ಬದಲಿಸಿದೆವು. ಮೊದಲ ಸುತ್ತಿನಲ್ಲಿ ಮ್ಯೂಸ್ ಸೌಂಡ್ಸ್ ಬಂದ್. ಧ್ವನಿಗಳನ್ನು ಹೊಂದಿಸುವ ಮಿಕ್ಸರ್‌ನಲ್ಲಿ ಸಾದಾ ಪಿಯಾನೋ ಇಟ್ಟು ಕಳಿಸಬೇಕು. ಉಳಿದವರು ಅವರವರ ದನಿಯ ಸಾಲನ್ನು ಹಾಡಿ ಫೋನ್‌ನಲ್ಲಿ ರೆಕಾರ್ಡ್ ಮಾಡಬೇಕು. ಅಭಿಪ್ರಾಯವನ್ನು ವಾಟ್ಸಾಪ್‌ನಲ್ಲಿ ಅಲ್ಲ, ಫೈಲಿನಲ್ಲೇ ಆ ಬಾರಿನ ಮೇಲೆ ಸ್ಟಾಫ್ ಟೆಕ್ಸ್ಟ್ (ಗೆರೆಗಳ ಮೇಲಿನ ಟಿಪ್ಪಣಿ) ಆಗಿ ಕೆಂಪಕ್ಷರದಲ್ಲಿ ಬರೆಯಬೇಕು. ಸುಮ್ನೆ ‘ಸೂಪರ್’ ಅಂತ ಬರೆಯುವಂತಿಲ್ಲ. ಚೆನ್ನಾಗಿದ್ದರೂ ಯಾವ ಬಾರು, ಯಾಕೆ ಅಂತ ಹೇಳಬೇಕು. ಉಡುಪಿ ಅಕ್ಕ ಇದರಲ್ಲಿ ಎತ್ತಿದ ಕೈ. (ಆಲ್ಟೊ ಅಂದರೆ ಹೆಂಗಸರ ಕೆಳದನಿ.) “ಇಲ್ಲಿ ಆಲ್ಟೊ ಏಳು ಬಾರು ಒಂದೇ ಸ್ವರ ಹಾಡ್ತಾರೆ, ಪಾಪ ಅಲ್ವಾ?” ಅಂತ ಬರೆದರೆ ಯಾರಿಗೂ ಬೇಜಾರಾಗುವುದಿಲ್ಲ, ತಿದ್ದದೆ ಇರಲೂ ಆಗುವುದಿಲ್ಲ.

ಹೊಸಬರಿಗೆ ಒಂದು ಕಿವಿಮಾತು. ಸೊಪ್ರಾನೊ (ಹೆಂಗಸರ ಮೇಲುದನಿ), ಆಲ್ಟೊ ಎರಡನ್ನೂ ಒಂದೇ ಸ್ಟಾಫ್‌ನಲ್ಲಿ ಬರೆಯಬೇಡಿ. ಪುಟ ಉಳಿಯುತ್ತದೆ ನಿಜ, ಆದರೆ ಮಿಕ್ಸರ್‌ನಲ್ಲಿ ಒಂದು ದನಿಯನ್ನು ಮಾತ್ರ ಕೇಳಿಸಲು ಆಗುವುದಿಲ್ಲ. ನಾಲ್ಕು ದನಿಗೂ ನಾಲ್ಕು ಸ್ಟಾಫ್ ಇದ್ದರೆ ಪ್ರತಿ ದನಿಯ ಎಂಪಿತ್ರೀ ಬೇರೆ ಬೇರೆ ತೆಗೆಯಬಹುದು. ನೊಟೇಶನ್ ಓದಲು ಬಾರದವರು ಅದನ್ನೇ ಅಡುಗೆ ಮಾಡುತ್ತಾ ಕೇಳಿ ಕಲಿತು ಬರುತ್ತಾರೆ.

ಆವೃತ್ತಿಗಳ ವಿಷಯದಲ್ಲಿ ಎಚ್ಚರ ಬೇಕು. ನಾಲ್ಕರಲ್ಲಿ ಉಳಿಸಿದ ಫೈಲನ್ನು ಮೂರು ತೆರೆಯುವುದಿಲ್ಲ, ನಾಲ್ಕಕ್ಕೆ 64 ಬಿಟ್ ಕಂಪ್ಯೂಟರ್ ಬೇಕು. ಗುಂಪಿನಲ್ಲಿ ಒಬ್ಬರ ಹತ್ತಿರ ಹಳೇ ಲ್ಯಾಪ್‌ಟಾಪ್ ಇದ್ದರೂ ಮ್ಯೂಸಿಕ್‌ಎಕ್ಸ್‌ಎಂಎಲ್ (ಬೇರೆ ಬೇರೆ ನೊಟೇಶನ್ ತಂತ್ರಾಂಶಗಳು ಓದಬಲ್ಲ ಫೈಲ್ ರೂಪ) ಮಾಡಿ ಕಳಿಸಬೇಕಾಗುತ್ತದೆ, ಆಗ ಪುಟದ ಜೋಡಣೆ ಚೆದುರುತ್ತದೆ. ಆದರೂ ಪ್ರತಿ ಹಾಡಿನ ಒಂದು ಮ್ಯೂಸಿಕ್‌ಎಕ್ಸ್‌ಎಂಎಲ್ ಪ್ರತಿ ಇಟ್ಟುಕೊಳ್ಳುವುದು ಒಳ್ಳೆಯದು. 35 ವರ್ಷ ನಡೆದ ಫಿನಾಲೆಯಂಥ ನೊಟೇಶನ್ ತಂತ್ರಾಂಶವನ್ನೇ 2024ರ ಆಗಸ್ಟ್‌ನಲ್ಲಿ ನಿಲ್ಲಿಸಿದರು.

ಗಮಕ ಬೇಕು ಅನ್ನುವವರಿಗೆ ಇದು ಹೇಳಿ ಮಾಡಿಸಿದ್ದಲ್ಲ. ಐದು ಗೆರೆಯಲ್ಲಿ ಅಷ್ಟೆಲ್ಲ ಹಿಡಿಯುವುದಿಲ್ಲ. ಆದರೆ ತಾಳಕ್ಕೆ ಅಡ್ಡಿಯಿಲ್ಲ. ಈ ಸಲ ಮೇಷ್ಟ್ರು ಏಳು ಎಣಿಕೆಯ ಮಿಶ್ರ ಚಾಪುವಿನಲ್ಲಿ ಕುರುಬರ ಹಾಡೊಂದನ್ನು ಕಟ್ಟಿದ್ದಾರೆ. ತಾಳದ ಗುರುತನ್ನು 7/8 ಇಟ್ಟು, ಸ್ವರಗಳ ಗುಂಪನ್ನು ಮೂರು, ಎರಡು, ಎರಡು ಅಂತ ಒಡೆದಿದ್ದಾರೆ. ಪುಟದ ಮೇಲೆ ನೋಡಲು ಚೆಂದ. ನಿನ್ನೆ ಅಕ್ಕನ ಕೆಂಪಕ್ಷರ ಬಿದ್ದಿದೆ: “ಟೆನರ್‌ನವರು ಉಸಿರು ಎಲ್ಲಿ ತಗೋಬೇಕು ಸರ್?”