ಬೆಲ್ಲದ ಬಿಲ್ ಮೇಲೆ ಮೂರು ಟೆಸ್ಟಿಂಗ್ ಟೂಲ್: ಕೋಡ್ ಬರೆಯದೆ ಎಷ್ಟು ದೂರ ಹೋಗಬಹುದು?

ನಾನು ಮೈಸೂರಿನ ಹೆಬ್ಬಾಳದಲ್ಲಿ ಒಂದು ಸಣ್ಣ ಕಂಪನಿಯ ಟೆಸ್ಟರ್. ಮಂಡ್ಯದ ಬೆಲ್ಲದ ಮಂಡಿಯವರಿಗೆ ಬಿಲ್ಲಿಂಗ್ ವೆಬ್‌ಸೈಟ್ ಮಾಡಿಕೊಡುತ್ತೇವೆ. ಟೆಸ್ಟಿಂಗ್‌ಗೆ ಇರುವುದು ನಾನು, ನನ್ನ ಜೊತೆಗಾರ್ತಿ, ಇಬ್ಬರೇ. ಕೋಡ್ ಬರುವುದು ನನಗೊಬ್ಬನಿಗೆ, ಅದೂ ಅಷ್ಟಕ್ಕಷ್ಟೆ. ಅದಕ್ಕೇ ಒಂದೇ ಟೆಸ್ಟನ್ನು ಮೂರು ಕಡೆ ಓಡಿಸಿ ನೋಡಿದೆ: ಲಾಗಿನ್ ಆಗಬೇಕು, ರೈತರ ಹೆಸರು ಹಾಕಿ ಅಚ್ಚು ಬೆಲ್ಲ ಆರಿಸಬೇಕು, 12.5 ಕ್ವಿಂಟಲ್, ದರ 4,200, 'ಉಳಿಸಿ' ಒತ್ತಬೇಕು. ಮೊತ್ತ 52,500 ಬರಬೇಕು. ಅಷ್ಟೇ.

ಮೊದಲು ಸೆಲೆನಿಯಂ ಐಡಿಇ: ಬ್ರೌಸರ್‌ನಲ್ಲಿ ನಾವು ಮಾಡಿದ ಕ್ಲಿಕ್‌ಗಳನ್ನು ರೆಕಾರ್ಡ್ ಮಾಡಿ ಮತ್ತೆ ತಾನೇ ಓಡಿಸುವ ಟೂಲ್. ಹಳೆಯದು, 2006ರಲ್ಲಿ ಫೈರ್‌ಫಾಕ್ಸ್ ಬ್ರೌಸರ್‌ನ ಆಡ್‌ಆನ್ ಆಗಿ ಬಂದದ್ದು. 2017ರಲ್ಲಿ ಫೈರ್‌ಫಾಕ್ಸ್ ತನ್ನ ಆಡ್‌ಆನ್ ಪದ್ಧತಿಯನ್ನೇ ಬದಲಿಸಿದಾಗ ಕೆಟ್ಟು ನಿಂತು, ಆಮೇಲೆ ಹೊಸದಾಗಿ ಬರೆಸಿಕೊಂಡು ಮತ್ತೆ ಬಂತು. ಹತ್ತು ನಿಮಿಷದಲ್ಲಿ ಟೆಸ್ಟ್ ರೆಡಿ. ಒಂದೊಂದು ಬಟನ್‌ಗೂ ನಾಲ್ಕೈದು ಗುರುತು ಬರೆದಿಟ್ಟುಕೊಳ್ಳುತ್ತದೆ. ಒಂದು ಸಿಗದಿದ್ದರೆ ಇನ್ನೊಂದು ಹುಡುಕುತ್ತದೆ. ಸ್ವಲ್ಪ ಹೊತ್ತು ತಾನೇ ಕಾಯುತ್ತದೆ, ಆದರೆ ಅದು ಸಾಲದ ಕಡೆ ಕಾಯುವ ಹೆಜ್ಜೆಯನ್ನು ನಾವೇ ಸೇರಿಸಬೇಕು. ಟೆಸ್ಟಿನ ಫೈಲ್ ಜೇಸನ್ ಅನ್ನುವ ಡೇಟಾ ರೂಪದಲ್ಲಿರುತ್ತದೆ, ಗಿಟ್‌ನಲ್ಲಿ (ಫೈಲ್‌ಗಳ ಬದಲಾವಣೆಯ ಲೆಕ್ಕ ಇಡುವ ಟೂಲ್) ನಿನ್ನೆಗೂ ಇವತ್ತಿಗೂ ಏನು ಬದಲಾಯಿತು ಅಂತ ಓದಲು ಕೂತರೆ ತಲೆನೋವು.

ಎರಡನೆಯದು ಪ್ಲೇರೈಟ್ ಅನ್ನುವ ಬ್ರೌಸರ್ ಟೆಸ್ಟಿಂಗ್ ಟೂಲಿನ ರೆಕಾರ್ಡರ್, ಕೋಡ್‌ಜೆನ್. ಇದು ನಿಜಕ್ಕೂ ಸ್ಕ್ರಿಪ್ಟ್ (ಟೆಸ್ಟಿನ ಕೋಡ್) ಇಲ್ಲದ್ದಲ್ಲ. ನಾವು ಕ್ಲಿಕ್ ಮಾಡುತ್ತಾ ಹೋದರೆ ಪಕ್ಕದ ಕಿಟಕಿಯಲ್ಲಿ ಸ್ಕ್ರಿಪ್ಟ್ ತಾನೇ ಬರೆದುಕೊಳ್ಳುತ್ತದೆ. ಕಾಯುವ ಕೆಲಸವನ್ನೂ ಅದೇ ನೋಡಿಕೊಳ್ಳುತ್ತದೆ. ಬಟನ್ ಮೇಲೆ ಕಾಣುವ ಪದವನ್ನೇ ಗುರುತಾಗಿ ಹಿಡಿಯುವುದು ಇದರ ರೂಢಿ. ನಮ್ಮ ಡೆವಲಪರ್ ಒಂದು ದಿನ 'ಉಳಿಸಿ'ಯನ್ನು 'ಸೇವ್ ಮಾಡಿ' ಅಂತ ಮಾಡಿಬಿಟ್ಟರು, ಟೆಸ್ಟ್ ಫೇಲ್ ಆಯಿತು. ನನಗೆ ಬೇಜಾರಾಗಲಿಲ್ಲ. ಮಂಡಿಯ ಗುಮಾಸ್ತರಿಗೂ ಆ ಪದ ಬದಲಾದದ್ದು ಕಾಣುತ್ತದೆ, ಅಲ್ವಾ?

ಮೂರನೆಯದು ಒಂದು ಪೇಯ್ಡ್ ಎಐ ಟೂಲ್, ಹೆಸರು ಬೇಡ. ಬಟನ್ ಬದಲಾದರೆ ತಾನೇ ಹುಡುಕಿ ಟೆಸ್ಟನ್ನು ಸರಿಮಾಡಿಕೊಳ್ಳುತ್ತದೆ, ಸೆಲ್ಫ್ ಹೀಲಿಂಗ್ ಅನ್ನುತ್ತಾರೆ. ಎರಡು ವಾರ ನಿಜಕ್ಕೂ ಆರಾಮಾಗಿದ್ದೆ. ಆಮೇಲೆ ವೆಬ್‌ಸೈಟಿನ ಒಂದು ಹೊಸ ಬಿಲ್ಡ್‌ನಲ್ಲಿ (ಆವೃತ್ತಿಯಲ್ಲಿ) 'ಉಳಿಸಿ' ಬಟನ್ ಮೆನು ಒಳಗೆ ಹೋಯಿತು, ಅದಿದ್ದ ಜಾಗಕ್ಕೆ 'ರದ್ದು ಮಾಡಿ' ಬಂದು ಕೂತಿತು. ಟೂಲ್ ರದ್ದನ್ನೇ ಒತ್ತಿತು, ಬಿಲ್‌ಗಳ ಪಟ್ಟಿಗೆ ವಾಪಸ್ ಬಂತು, ಹಸಿರು, ಅಂದರೆ ಟೆಸ್ಟ್ ಪಾಸ್ ಅಂತ ತೋರಿಸಿತು. ಮೂರು ದಿನ ಹಸಿರೇ! ತಪ್ಪು ನನ್ನದೂ ಇದೆ: ಪಟ್ಟಿಯ ಪುಟ ಬಂತಾ ಅಂತ ಮಾತ್ರ ಅದರಲ್ಲಿ ನೋಡಿದ್ದೆ, 52,500 ಇದೆಯಾ ಅಂತ ನೋಡಿಸಿರಲಿಲ್ಲ.

ಪ್ಲೇರೈಟ್‌ಗೂ 2025ರ ಅಕ್ಟೋಬರ್‌ನಲ್ಲಿ ಎಐ ಏಜೆಂಟ್‌ಗಳು ಬಂದಿವೆ: ಟೆಸ್ಟ್ ಯೋಜಿಸುವ ಪ್ಲಾನರ್, ಅದನ್ನು ಬರೆಯುವ ಜನರೇಟರ್, ಫೇಲ್ ಆದದ್ದನ್ನು ಸರಿಮಾಡುವ ಹೀಲರ್. ಅದರಲ್ಲಿ ನನಗೆ ಇಷ್ಟವಾದದ್ದು ಒಂದೇ. ವೆಬ್‌ಸೈಟೇ ಕೆಟ್ಟಿದೆ ಅನ್ನಿಸಿದರೆ ಹೀಲರ್ ಆ ಟೆಸ್ಟನ್ನು ಸ್ಕಿಪ್ ಮಾಡುತ್ತದೆ. ಸ್ಕಿಪ್ ಆದದ್ದು ರಿಪೋರ್ಟಿನಲ್ಲಿ ಬೇರೆಯಾಗಿ ಕಾಣುತ್ತದೆ, ನಾವು ಹೋಗಿ ನೋಡಬಹುದು. ಇನ್ನು ಐದು ವರ್ಷಕ್ಕೆ ಕ್ಲಿಕ್ ಬರೆಯುವ ಕೆಲಸ ಯಾರೂ ಮಾಡುವುದಿಲ್ಲ ಅಂತಲೇ ನನ್ನ ಅಂದಾಜು. ಏನನ್ನು ಚೆಕ್ ಮಾಡಬೇಕು ಅನ್ನುವುದು ಮಾತ್ರ ನಮ್ಮ ತಲೆಗೇ ಉಳಿಯುತ್ತದೆ. ನನ್ನ ಜೊತೆಗಾರ್ತಿಗೆ ಒಂದು ಸಾಲು ಕೋಡ್ ಬರುವುದಿಲ್ಲ, ಆದರೆ ಅವರ ಮನೆಯವರದ್ದು ಪಾಂಡವಪುರದ ಕಡೆ ಆಲೆಮನೆ. "ತೂಕ ಸೊನ್ನೆ ಹಾಕಿದ್ರೆ ಏನಾಗುತ್ತೆ?" ಅಂತ ಸುಮ್ನೆ ಕೇಳಿದರು. ಸೊನ್ನೆ ರೂಪಾಯಿ ಬಿಲ್ ಆರಾಮಾಗಿ ಸೇವ್ ಆಯಿತು.

ಪೇಯ್ಡ್ ಟೂಲಿನ ಟ್ರಯಲ್ ಈ ಶುಕ್ರವಾರ ಮುಗಿಯುತ್ತದೆ, ಮುಂದುವರಿಸುತ್ತಿಲ್ಲ. ಈಗ ಕೋಡ್‌ಜೆನ್‌ನಲ್ಲಿ ಜೊತೆಗಾರ್ತಿ ರೆಕಾರ್ಡ್ ಮಾಡುತ್ತಾರೆ, ಮೊತ್ತ ಸರಿಯಿದೆಯಾ ಅನ್ನುವ ಚೆಕ್ ನಾನು ಸೇರಿಸುತ್ತೇನೆ.